ಶುದ್ಧ ಕಾಫಿಯ ಮೇಲೊಂದು ದೂರು

14 ಸೆಪ್ಟೆಂಬರ್ 1998, ಸೋಮವಾರ

ಅಂಗಡಿ ತೆರೆದು ಇವತ್ತಿಗೆ ಒಂದು ತಿಂಗಳು. ಗೋಣಿಬೀಡಿನ ಬಸ್ ಸ್ಟಾಪಿನ ಎದುರು ಒಂದು ಕೋಣೆ, ಒಂದು ಹುರಿಯುವ ಡ್ರಮ್ಮು, ಒಂದು ಬೀಸುವ ಮಿಷನ್ನು, ಅದರ ಹಿಂದೆ ನಾನು. ಬೋರ್ಡಿನ ಮೇಲೆ ‘ರೇವತಿ ಕಾಫಿ ವರ್ಕ್ಸ್’ ಎಂದು ಒಂದು ಮೈಲಿ ದೂರಕ್ಕೆ ಕಾಣುವ ಹಾಗೆ ಬರೆಸಿದ್ದು ಗಿರಿ. ಬಾಡಿಗೆ ಜೀಪು ಓಡಿಸುವ ನನ್ನ ಗಂಡನಿಗೆ ಯಾವುದನ್ನೂ ಸಣ್ಣದಾಗಿ ಮಾಡಿ ಗೊತ್ತಿಲ್ಲ. ಆದರೆ ಅದರ ಕೆಳಗೆ ಕೆಂಪು ಬಣ್ಣದಲ್ಲಿ ‘ಚಿಕೋರಿ ಇಲ್ಲವೇ ಇಲ್ಲ’ ಎಂದು ಬರೆಸಿದವಳು ನಾನು.

ತೋಟಗಳ ಕಾಫಿಯ ಸಿಪ್ಪೆ ಬಿಡಿಸಿ ದರ್ಜೆ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಹನ್ನೆರಡು ವರ್ಷ ಮೇಜಿನ ಮುಂದೆ ಕುಳಿತು ಬೀಜ ಆರಿಸಿದವಳು ನಾನು. ಕಪ್ಪು ಬೀಜ, ಒಡಕು ಬೀಜ, ಹುಳು ಕೊರೆದ ಬೀಜ, ಎಲ್ಲವನ್ನೂ ಬೆರಳ ತುದಿಯಲ್ಲೇ ಹೇಳಬಲ್ಲೆ. ಅಲ್ಲಿ ದುಡಿದದ್ದೆಲ್ಲ ಈಗ ಈ ಮಿಷನ್ನಿನಲ್ಲಿದೆ. ಅಂಗಡಿ ಗಟ್ಟಿಯಾಗಿ ನಿಂತರೆ ನಾನೂ ನಿಂತೆ. ಮುಳುಗಿದರೆ ಮತ್ತೆ ಆ ಮೇಜಿಗೇ ಹೋಗಬೇಕು.

ಇವತ್ತು ಪಕ್ಕದ ಹೋಟೆಲಿನ ಗಿಡ್ಡಪ್ಪಣ್ಣ ಒಂದು ಕೇಜಿ ಪುಡಿ ವಾಪಸ್ ತಂದಿಟ್ಟ.

“ಬೇಜಾರು ಮಾಡ್ಕೋಬೇಡ ರೇವತಮ್ಮ. ಎಷ್ಟು ಹಾಕಿದ್ರೂ ಕಪ್ಪಾಗಲ್ಲ ಇದು. ಗಿರಾಕಿಗಳು, ಏನೋ ಬೆರೆಸಿದಾರೆ ಅಂತಾರೆ.”

“ಬೆರೆಸ್ದೇ ಇರೋದೇ ತಪ್ಪಾಯ್ತಾ ಹಂಗಾದ್ರೆ?”

“ನಂಗೊತ್ತಿಲ್ಲ ಮಾರಾಯ್ತಿ. ಹಳದಿ ಪ್ಯಾಕೆಟ್ಟು ನೋಡು, ಒಂದು ಚಮಚಕ್ಕೆ ಹತ್ತು ಲೋಟ ಕಪ್ಪಾಗುತ್ತೆ.”

ಹಳದಿ ಪ್ಯಾಕೆಟ್ ಪ್ರತಿ ಮಂಗಳವಾರ ಒಂದು ವ್ಯಾನಿನಲ್ಲಿ ಬರುತ್ತದೆ. ಮೇಲೆ ‘ಅಪ್ಪಟ ಕಾಫಿ’ ಎಂದಿದೆ. ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ. ಸುತ್ತ ಎಲ್ಲಿ ನೋಡಿದರೂ ಕಾಫಿ ತೋಟವೇ ಇರುವ ಈ ಊರಿನಲ್ಲಿ ಕಾಫಿಯ ರುಚಿ ಒಬ್ಬರಿಗೂ ಗೊತ್ತಿಲ್ಲ. ಎಂಥ ದಡ್ಡರ ನಡುವೆ ಬಂದು ಬಿದ್ದೆ ನಾನು!

17 ಸೆಪ್ಟೆಂಬರ್, ಗುರುವಾರ

ಮೂರು ಪ್ಯಾಕೆಟ್ ವಾಪಸ್. ನಾಲ್ಕನೆಯವರಿಗೆ ಕಾಫಿ ಎಂದರೇನು ಎಂದು ವಿವರವಾಗಿ ತಿಳಿಸಿ ಹೇಳಿದೆ. ಬಸ್ಸು ಬಂತು ಎಂದು ಓಡಿದರು. ಬಸ್ಸು ಬಂದಿರಲಿಲ್ಲ.

22 ಸೆಪ್ಟೆಂಬರ್, ಮಂಗಳವಾರ

ಇವತ್ತು ಕೆಂಪುಗುಡ್ಡೆ ಎಸ್ಟೇಟಿನ ಓಂಕಾರಪ್ಪನವರು ಬಂದಿದ್ದರು. ಬೆಳೆಗಾರರ ಸಂಘದ ಅಧ್ಯಕ್ಷರು, ಅರವತ್ತು ದಾಟಿದವರು, ಬಿಳಿ ಶರಟು, ಕುಂಟುವ ಮೊಣಕಾಲು. ನಿನ್ನೆ ಅವರ ಆಳು ತೆಗೆದುಕೊಂಡು ಹೋಗಿದ್ದ ಪ್ಯಾಕೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿದರು.

“ಏನಮ್ಮಾ, ಮೂರು ತಲೆಮಾರಿಂದ ಕಾಫಿ ಬೆಳೀತಿದೀವಿ. ಕಾಫಿ ಯಾವ್ದು ಕಸ ಯಾವ್ದು ಅಂತ ನಂಗೆ ಗೊತ್ತಾಗಲ್ವಾ? ಕುಡಿದ್ರೆ ಹುಳಿ ಹುಳಿ. ಹುಣಸೆಬೀಜ ಹುರಿದು ಹಾಕಿದೀಯ.”

ಒಳ್ಳೆಯ ಅರೇಬಿಕಾದಲ್ಲಿ ಹಣ್ಣಿನ ಹುಳಿ ಸ್ವಲ್ಪ ಇರಲೇಬೇಕು, ಅದೇ ಅದರ ಗುಣ ಎಂದು ಮೆತ್ತಗೆ ಹೇಳಬಹುದಿತ್ತು. ಕಳಸದ ಬಸ್ಸು ನಿಂತಿತ್ತು, ಕಿಟಕಿಗಳಲ್ಲೆಲ್ಲ ತಲೆಗಳಿದ್ದವು. ನಾನು ಹೇಳಿದ್ದು ಇಷ್ಟು:

“ಸಾಹುಕಾರ್ರೆ, ಮೊದ್ಲು ನಾಲಿಗೆ ತೊಳ್ಕೊಂಡು ಬನ್ನಿ. ಆಮೇಲೆ ಮಾತಾಡಣ.”

ಬಸ್ಸಿನಲ್ಲಿ ಯಾರೋ ನಕ್ಕರು. ಓಂಕಾರಪ್ಪನವರ ಮುಖ ಕೆಂಪಾಯಿತು. “ನಮ್ಮೂರಿನ ಹೆಸರಲ್ಲಿ ಕಲಬೆರಕೆ ಮಾರೋಕೆ ಬಿಡಲ್ಲ” ಎಂದು ಹೇಳಿ, ಕುಂಟುತ್ತ ಜೀಪು ಹತ್ತಿದರು. ಮೂಡಿಗೆರೆಗೆ ಹೋಗಿ ಆಹಾರ ಇನ್ಸ್‌ಪೆಕ್ಟರಿಗೆ ದೂರು ಬರೆದುಕೊಡುತ್ತಾರಂತೆ. ಬರೆಯಲಿ. ನನಗೇನು ಹೆದರಿಕೆ?

ಹೇಳಿದ್ದಕ್ಕೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಇದ್ದರೂ ಇಲ್ಲಿ ಬರೆಯುವುದಿಲ್ಲ.

1 ಅಕ್ಟೋಬರ್, ಗುರುವಾರ

ಇನ್ಸ್‌ಪೆಕ್ಟರ್ ಬಂದೇಬಿಟ್ಟರು. ಸಣಕಲು ಮನುಷ್ಯ, ಚೀಲದಲ್ಲಿ ಮೂರು ಬಾಟಲಿ, ಅರಗು, ಮೇಣದ ಬತ್ತಿ. ಡಬ್ಬಿಯಲ್ಲಿದ್ದ ಪುಡಿಯನ್ನು ದುಡ್ಡು ಕೊಟ್ಟೇ ಕೊಂಡು, ಮೂರು ಪಾಲು ಮಾಡಿ, ಬಾಟಲಿಗೆ ತುಂಬಿ, ಕಾಗದ ಸುತ್ತಿ, ದಾರ ಕಟ್ಟಿ, ಅರಗು ಬಿಟ್ಟು ಮುದ್ರೆ ಒತ್ತಿದರು. ಅಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ನಾನು ಕೋಪವನ್ನೇ ಮರೆತು ನಿಂತೆ.

“ಒಂದು ಲ್ಯಾಬಿಗೆ ಹೋಗುತ್ತೆ. ರಿಪೋರ್ಟಿಗೆ ನಲವತ್ತು ದಿನ ಆಗ್ಬಹುದು” ಎಂದರು. “ಕಲಬೆರಕೆ ಅಂತ ಬಂದ್ರೆ ಕೇಸು. ಲೈಸೆನ್ಸೂ ಹೋಗುತ್ತೆ.”

“ಬರಲ್ಲ. ಆದ್ರೆ ಆ ಹಳದಿ ಪ್ಯಾಕೆಟ್ಟೂ ತಗೊಳ್ಳಿ ಸರ್.”

ಗಿಡ್ಡಪ್ಪಣ್ಣನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇನ್ಸ್‌ಪೆಕ್ಟರ್ ಹಿಂದೆಮುಂದೆ ನೋಡಿದರು. ಆಗ ಮಾತಾಡಿದ್ದು, ತಮಾಷೆ ನೋಡಲೆಂದೇ ಬಂದಿದ್ದ ಓಂಕಾರಪ್ಪನವರು.

“ಅದನ್ನೂ ತಗೊಳ್ಳಿ ಸ್ವಾಮಿ. ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದು ನ್ಯಾಯ ಬೇಡ.”

ಅವರಿಂದ ಈ ಮಾತು ನಾನು ನಿರೀಕ್ಷಿಸಿರಲಿಲ್ಲ. ಇಷ್ಟವಾಯಿತು ಎಂದಲ್ಲ, ನಿರೀಕ್ಷಿಸಿರಲಿಲ್ಲ ಅಷ್ಟೆ.

4 ಅಕ್ಟೋಬರ್, ಭಾನುವಾರ

ಅತ್ತೆ ಸಿದ್ದಮ್ಮನದು ಮೂರು ದಿನದಿಂದ ಮಾತಿಲ್ಲ. ಅಡುಗೆ ಮಾತ್ರ ಜೋರು. ಮೊನ್ನೆ ಕಡುಬು, ನಿನ್ನೆ ಅಕ್ಕಿರೊಟ್ಟಿ, ಇವತ್ತು ಕೋಳಿ ಸಾರು. ಸಿದ್ದಮ್ಮ ಕಾರಣವಿಲ್ಲದೆ ಕೋಳಿ ಕೊಯ್ಯುವ ಹೆಂಗಸಲ್ಲ. ಊಟ ಮುಗಿದ ಮೇಲೆ ವಿಷಯ ಹೊರಬಿತ್ತು.

“ರೇವತಿ, ಬೈಬೇಡ. ಬುಧವಾರ ನೀನು ಬೀಜ ತರಕ್ಕೆ ಹೋಗಿದ್ಯಲ್ಲ, ಆವಾಗ ನಾನು ಒಂದಿಷ್ಟು ಚಿಕೋರಿ ಚೂರು ನಿನ್ನ ಮಿಷನ್ನಿಗೆ ಹಾಕ್ದೆ.”

ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ.

“ನಿನ್ನ ಕಾಫಿ ನಂಗೆ ಕುಡಿಯಕ್ಕೆ ಆಗಲ್ಲ ಕಣೆ. ಬೇಜಾರು ಮಾಡ್ಕೋತೀಯ ಅಂತ ಇಷ್ಟು ದಿನ ಕನಕಾಂಬರದ ಬುಡಕ್ಕೆ ಚೆಲ್ತಿದ್ದೆ. ಗಿಡನೂ ಬಾಡ್ತು.”

ಬುಧವಾರ ಚಿಕೋರಿ ಬೀಸಿದ್ದು. ಗುರುವಾರ ಬೆಳಿಗ್ಗೆ ನಾನು ಅದೇ ಮಿಷನ್ನಿನಲ್ಲಿ ಕಾಫಿ ಬೀಸಿ ಡಬ್ಬಿಗೆ ತುಂಬಿದ್ದು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಅದೇ ಡಬ್ಬಿಯಿಂದ ಪುಡಿ ತೆಗೆದದ್ದು. ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ‘ಚಿಕೋರಿ ಇಲ್ಲವೇ ಇಲ್ಲ’!

ಕೂಗಾಡಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಬೈಯಿ, ಆದ್ರೆ ಊಟ ಅರ್ಧಕ್ಕೆ ಬಿಡಬೇಡ” ಎಂದರು. ಊಟ ಮುಗಿದಿತ್ತು. ಅವರಿಗೆ ಅದೂ ಗೊತ್ತಾಗಿರಲಿಲ್ಲ.

5 ಅಕ್ಟೋಬರ್, ಸೋಮವಾರ

ಅತ್ತೆಯ ಜೊತೆ ಮಾತಿಲ್ಲ. ಮನೆಯಲ್ಲಿ ಕಾಫಿಯೂ ಇಲ್ಲ. ಇಬ್ಬರಿಗೂ ತಲೆನೋವು.

9 ಅಕ್ಟೋಬರ್, ಶುಕ್ರವಾರ

“ಸುಮ್ನಿರೇ ಮಾರಾಯ್ತಿ” ಎಂದು ಗಿರಿ ನಾಲ್ಕು ದಿನದಿಂದ ಹೇಳುತ್ತಿದ್ದಾನೆ. “ಲ್ಯಾಬಲ್ಲಿ ಸಿಕ್ರೆ ಆಮೇಲೆ ನೋಡಣ. ಸಿಗ್ದೇ ಇದ್ರೆ ಯಾರಿಗೆ ಗೊತ್ತಾಗುತ್ತೆ?”

ನನಗೆ ಗೊತ್ತಲ್ಲ, ಅದೇ ತೊಂದರೆ. ಆ ಡಬ್ಬಿಯ ಪುಡಿಯನ್ನೆಲ್ಲ ಗುಂಡಿಗೆ ಸುರಿದೆ. ಮಿಷನ್ ಬಿಚ್ಚಿ ತೊಳೆದೆ. ಆದರೂ ಒಂದೊಂದು ಪ್ಯಾಕೆಟ್ ಕಟ್ಟುವಾಗಲೂ ಕೈ ಹಿಂಜರಿಯುತ್ತಿತ್ತು. ಕೊನೆಗೆ ಇವತ್ತು ಬೆಳಿಗ್ಗೆ ಬಸ್ಸು ಹತ್ತಿ ಮೂಡಿಗೆರೆಗೆ ಹೋಗಿ ಇನ್ಸ್‌ಪೆಕ್ಟರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅತ್ತೆಯ ಹೆಸರು ಹೇಳಲಿಲ್ಲ. ನನ್ನ ಮಿಷನ್ನು, ನನ್ನ ಜವಾಬ್ದಾರಿ.

ಅವರು ಪೆನ್ನು ಕೆಳಗಿಟ್ಟರು. “ಹದಿನೈದು ವರ್ಷದ ಸರ್ವೀಸಲ್ಲಿ, ನಾನು ಹಿಡಿಯೋಕೆ ಮುಂಚೆ ಬಂದು ಹೇಳಿದೋರು ನೀವೊಬ್ರೇ. ಇದನ್ನ ಬರ್ಕೊಂಡ್ರೆ ನಿಮಗೇ ತೊಂದ್ರೆ, ಗೊತ್ತಾ?”

“ಬರ್ಕೊಳ್ಳಿ ಸರ್.”

ಬರೆದುಕೊಂಡರು. ನಾನು ಎದ್ದಾಗ, “ಅಲ್ಲಮ್ಮ, ಚಿಕೋರಿ ಮಾರೋದೇನೂ ತಪ್ಪಲ್ಲ” ಎಂದರು. “ಎಷ್ಟು ಹಾಕಿದೀವಿ ಅಂತ ಪ್ಯಾಕೆಟ್ ಮೇಲೆ ಬರೀದೆ ಮಾರೋದು ತಪ್ಪು. ಅಷ್ಟೇ ನಮ್ಮ ಕಾನೂನು.”

ಚಿಕೋರಿ, ನನ್ನ ಅಂಗಡಿಯಲ್ಲಿ? ಪ್ರಾಣ ಹೋದರೂ ಇಲ್ಲ.

ಬಂದವಳೇ ಏಣಿ ಹಾಕಿಸಿ ಬೋರ್ಡಿನ ಕೆಂಪು ಸಾಲಿಗೆ ನ್ಯೂಸ್‌ಪೇಪರ್ ಅಂಟಿಸಿದೆ. ರಿಪೋರ್ಟ್ ಬರುವ ತನಕ ಅದನ್ನು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಯಾಕೆ ಮುಚ್ಚಿದೆ ಎಂದು ಕೇಳಿದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಗಿರಿ ಜೀಪಿನೊಳಗೆ ಮುಖ ಮುಚ್ಚಿಕೊಂಡು ಕುಳಿತಿದ್ದ. ವಿಚಿತ್ರವೆಂದರೆ ಕೇಳಿದವರಲ್ಲಿ ಇಬ್ಬರು ನಕ್ಕು, ಕಾಲು ಕೇಜಿ ಕೊಂಡುಹೋದರು.

14 ಅಕ್ಟೋಬರ್, ಬುಧವಾರ

ಕೌಂಟರಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೇನೆ. ತಣ್ಣೀರಿಗೆ ಒಂದು ಚಿಟಿಕೆ ಕಾಫಿ ಪುಡಿ ಉದುರಿಸಿದರೆ ಅದು ಮೇಲೆ ತೇಲುತ್ತದೆ, ನೀರಿಗೆ ಬಣ್ಣ ಬೇಗ ಬಿಡುವುದಿಲ್ಲ. ಚಿಕೋರಿಯಾದರೆ ಹಿಂದೆ ಕೆಂಪು ಗೆರೆ ಬಿಡುತ್ತ ತಳಕ್ಕೆ ಇಳಿಯುತ್ತದೆ. ಯಾರು ಬೇಕಾದರೂ ತಮ್ಮ ಮನೆಯ ಪುಡಿ ತಂದು ನೋಡಬಹುದು.

ಈ ಆಟದ ಯಜಮಾನಿಕೆ ಅತ್ತೆಯದು. ನಾನು ಒಲ್ಲೆ ಎಂದರೂ ಬಂದು ಕೂತರು. “ಬನ್ನಿ ಬನ್ನಿ, ಮುಳುಗುತ್ತೋ ತೇಲುತ್ತೋ ನೋಡಿ!” ಎಂದು ಬಸ್ಸಿಗೆ ಕಾಯುವವರನ್ನೆಲ್ಲ ಕರೆಯುತ್ತಾರೆ. ಜಾವಳಿಯ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚಿ ಹಳದಿ ಪ್ಯಾಕೆಟ್ಟಿನ ಪುಡಿ ಹಾಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಲೋಟ ಪೂರ್ತಿ ಕಂದು. “ಅಯ್ಯೋ ಶಿವನೆ, ಇದನ್ನೇ ಬಾಣಂತಿ ಮಗಳಿಗೂ ಕೊಟ್ನಲ್ಲ” ಎಂದಳು. ಆ ಮಾತು ಕೇಳಿ ಯಾರೂ ನಗಲಿಲ್ಲ.

ಅಂದ ಹಾಗೆ ಅತ್ತೆಗೆ ಬೇರೆ ಒಂದು ಕೈಮಿಲ್ಲು ತಂದುಕೊಟ್ಟಿದ್ದೇನೆ, ಚಿಕೋರಿಗೆಂದೇ. ಅವರ ಕಾಫಿಯನ್ನು ಬೆಳಿಗ್ಗೆ ನಾನೇ ಮಾಡಿಕೊಡುತ್ತೇನೆ. ಪರೀಕ್ಷೆಗೆಂದು ನಾನೂ ಒಂದು ಲೋಟ ಕುಡಿದೆ. ಒಂದು ಲೋಟದಲ್ಲಿ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ ಇನ್ನೊಂದು.

27 ಅಕ್ಟೋಬರ್, ಮಂಗಳವಾರ

ಎಂಥ ದಿನ! ಅಂಗಡಿ ತೆರೆದಾಗ ತಂದು, ಖಾಲಿಯಾಗಿ ಬಿದ್ದಿದ್ದ ಮೊದಲ ಬೀಜದ ಚೀಲವನ್ನು ಕೊಡವಲು ಒಳಹೊರಗು ಮಾಡಿದೆ. ಒಳಗಡೆ ಕ್ಯೂರಿಂಗ್ ವರ್ಕ್ಸಿನ ಚೀಟಿ ಹೊಲಿದಿತ್ತು. ಯಾವ ತೋಟದ ಬೀಜ ಎಂದು ಬರೆದಿತ್ತು: ಕೆಂಪುಗುಡ್ಡೆ ಎಸ್ಟೇಟ್. ಆಮೇಲೆ ತಂದ ಚೀಲಗಳಲ್ಲೂ ಅದೇ ಚೀಟಿ.

ಓಂಕಾರಪ್ಪನವರು ಹುಣಸೆಬೀಜ ಎಂದದ್ದು ಇದೇ ಚೀಲದ ಕಾಫಿಯನ್ನು. ಅವರ ಸ್ವಂತ ತೋಟದ ಮೊದಲ ದರ್ಜೆ ಕಾಫಿಯನ್ನು!

ಗಿರಿ ಕುಣಿದಾಡಿದ. “ಚೀಲನ ಬಸ್ ಸ್ಟಾಪಲ್ಲಿ ತೂಗುಹಾಕು. ಕಳಸದ ಬಸ್ಸು ಬರೋ ಹೊತ್ತಿಗೆ ಓದಿ ಹೇಳು.” ನಾನೂ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಚೆನ್ನಾಗಿಯೇ ಬಂದಿತ್ತು.

ಅಷ್ಟರಲ್ಲಿ ಅತ್ತೆ, “ಅವರಿಗೆ ಹೆಂಗೆ ಗೊತ್ತಾಗ್ಬೇಕು ಪಾಪ” ಎಂದರು. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಕೆಂಪುಗುಡ್ಡೆಯಲ್ಲೇ ಹಣ್ಣು ಕೊಯ್ಯಲು ಹೋಗುತ್ತಿದ್ದವರು. “ಆ ಮನೇಲಿ ಒಳ್ಳೆ ಬೀಜ ಒಲೆ ಕಂಡಿದ್ದೇ ಇಲ್ಲ ಕಣೆ. ಒಳ್ಳೇದೆಲ್ಲ ಕ್ಯೂರಿಂಗಿಗೆ. ನೆಲಕ್ಕೆ ಉದುರಿದ್ದು, ನೀರಲ್ಲಿ ತೇಲಿದ್ದು ಮನೆಗೆ. ದೊಡ್ಡಮ್ಮೋರು, ಇವ್ರ ತಾಯಿ, ಅದನ್ನ ಕರ್ರಗೆ ಸುಟ್ಟು, ಚಿಕೋರಿ ಸುರಿದು ಕುಡಿಸೋರು. ಅದೇ ಕಾಫಿ ಅಂತ ಬೆಳೆದೋರು ಅವ್ರು.”

ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹಾಗೆಯೇ. ನಮ್ಮಪ್ಪನ ಎರಡು ಎಕರೆಯಲ್ಲೂ ಹಾಗೆಯೇ ಇತ್ತು. ನಾನು ಕಾಫಿಯ ರುಚಿ ಕಲಿತದ್ದು ಕ್ಯೂರಿಂಗ್ ವರ್ಕ್ಸಿಗೆ ಸೇರಿದ ಮೇಲೆ, ಅಲ್ಲಿ ರುಚಿ ನೋಡುವವರು ಮಿಕ್ಕಿಸಿದ ಲೋಟದಿಂದ.

ಚೀಲವನ್ನು ಮಡಿಸಿ ಇಟ್ಟೆ. ನಾಳೆ ತೂಗುಹಾಕಿದರಾಯಿತು.

2 ನವೆಂಬರ್, ಸೋಮವಾರ

ಚೀಲ ತೂಗುಹಾಕಲಿಲ್ಲ. ಮಳೆ ಹನಿಯುತ್ತಿತ್ತು.

ಓಂಕಾರಪ್ಪನವರು ಗಿಡ್ಡಪ್ಪಣ್ಣನ ಹೋಟೆಲಿಗೆ ಬಂದಿದ್ದರು. ನನ್ನ ಅಂಗಡಿಯ ಕಡೆ ಓರೆಗಣ್ಣಲ್ಲಿ ನೋಡಿದರು. ಮೊಣಕಾಲಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಗಿರಿಯನ್ನು ಕಳಿಸಿ ಕೈ ಹಿಡಿದುಕೊಳ್ಳಲು ಹೇಳಿದೆ. ವಯಸ್ಸಾದವರು ಯಾರೇ ಆಗಿದ್ದರೂ ಅಷ್ಟು ಮಾಡುತ್ತಿದ್ದೆ.

10 ನವೆಂಬರ್, ಮಂಗಳವಾರ

ಹಳದಿ ಪ್ಯಾಕೆಟ್ಟಿನ ರಿಪೋರ್ಟ್ ಬಂದಿದೆ! ಅರ್ಧಕ್ಕಿಂತ ಹೆಚ್ಚು ಹುರಿದ ಹುಣಸೆಬೀಜದ ಸಿಪ್ಪೆ, ಮೇಲೆ ಬಣ್ಣ. ಇನ್ಸ್‌ಪೆಕ್ಟರ್ ಬೆಳಿಗ್ಗೆಯೇ ಬಂದು ನನ್ನ ಡ್ರಮ್ಮಿನ ಹಿಂದೆ ಅಡಗಿ ಕುಳಿತರು. ವ್ಯಾನಿನವನನ್ನು ತಡೆದು ನಿಲ್ಲಿಸುವ ಕೆಲಸ ಗಿಡ್ಡಪ್ಪಣ್ಣನದು. ಊರಿಗೆಲ್ಲ ಸಿಪ್ಪೆ ಕುಡಿಸಿದೆನಲ್ಲ ಎಂದು ಅವನಿಗೆ ನಿಜವಾಗಿ ನೋವಾಗಿತ್ತು.

ವ್ಯಾನು ಬಂತು. ಗಿಡ್ಡಪ್ಪಣ್ಣ ಇಡ್ಲಿ ಕೊಟ್ಟ, ವಡೆ ಕೊಟ್ಟ, ತನ್ನ ಮಗಳ ಮದುವೆಯ ಕಥೆಯನ್ನು ಹೆಣ್ಣು ನೋಡಲು ಬಂದ ದಿನದಿಂದ ಶುರುಮಾಡಿದ. ಕೊನೆಗೆ ಹಳದಿ ಪುಡಿಯ ಕಾಫಿ ತಂದಿಟ್ಟ. ವ್ಯಾನಿನವನು ಲೋಟವನ್ನು ದೂರ ಸರಿಸಿ, “ನಂಗೆ ಟೀ ಕೊಡಿ” ಎಂದ.

“ಯಾಕೆ, ಕಾಫಿ ಕುಡಿಯಲ್ವಾ?”

“ಅದು ಕುಡಿದ್ರೆ ನಂಗೆ ಹೊಟ್ಟೆ ಹಿಡಿಯುತ್ತೆ.”

ಡ್ರಮ್ಮಿನ ಹಿಂದಿನಿಂದ ಇನ್ಸ್‌ಪೆಕ್ಟರ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ, ನಗು. ವ್ಯಾನಿನಲ್ಲಿ ಎಲ್ಲ ಚೀಲಗಳೂ ಸಿಕ್ಕಿದವು, ಪುಡಿ ಮಾಡುವ ಗೋಡೌನಿನ ವಿಳಾಸವೂ ಸಿಕ್ಕಿತು. ಊರಿಗೆ ಊರೇ ಹಬ್ಬ ಮಾಡಿತು.

ಹೊರಡುವಾಗ ಇನ್ಸ್‌ಪೆಕ್ಟರ್, “ನಿಮ್ದು ಇನ್ನೂ ಬಂದಿಲ್ಲಮ್ಮ” ಎಂದರು. ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಒಳಗೆ ಬಂದು ಮಿಷನ್ನಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ಭಯವಾಗುತ್ತಿದೆ.

16 ನವೆಂಬರ್, ಸೋಮವಾರ

ಬಂತು. ‘ಚಿಕೋರಿ ಕಂಡುಬಂದಿಲ್ಲ. ಇತರ ಬೆರಕೆ ಕಂಡುಬಂದಿಲ್ಲ. ಮಾದರಿ ಶುದ್ಧ.’

ಮೂರು ಸಲ ಓದಿದೆ. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಚೆನ್ನಾಗಿ ಅತ್ತುಬಿಟ್ಟೆ. ಗಿರಿ ಜೀಪಿನ ಹಾರನ್ನು ಬಿಡದೆ ಹೊಡೆದ. ಗಿಡ್ಡಪ್ಪಣ್ಣ ಎಲ್ಲರಿಗೂ ಕಾಫಿ ಹಂಚಿದ, ನನ್ನ ಪುಡಿಯದು. ಸಿದ್ದಮ್ಮ ಮಾತ್ರ ಮುಖ ಊದಿಸಿಕೊಂಡರು.

“ಹಂಗಾದ್ರೆ ನಾನು ಹಾಕಿದ ಚಿಕೋರಿ ಎಲ್ಲಿಗೆ ಹೋಯ್ತು? ಅಷ್ಟೊಂದು ಹಾಕಿದ್ದೆ. ಲ್ಯಾಬಿನೋರಿಗೆ ಕಣ್ಣು ಕಾಣಲ್ವಾ?”

ಕೊನೆಗೆ ಲೆಕ್ಕ ಹಾಕಿ ನೋಡಿದರೆ ಅತ್ತೆ ಚಿಕೋರಿ ಬೀಸಿದ್ದು ಬುಧವಾರವಲ್ಲ, ಇನ್ಸ್‌ಪೆಕ್ಟರ್ ಬಂದ ಗುರುವಾರ ಸಂಜೆ, ನಾನು ಬೀಜ ತರಲು ಹೋದಾಗ. ಬುಧವಾರ ನಾನು ಎಲ್ಲಿಗೂ ಹೋಗಿರಲೇ ಇಲ್ಲ! ಗಾಬರಿಯಲ್ಲಿ ಅವರು ದಿನ ತಪ್ಪಿದರು, ಸಿಟ್ಟಿನಲ್ಲಿ ನಾನೂ ಯೋಚಿಸಲಿಲ್ಲ. ಅವರ ಮೇಲೆ ಕೂಗಾಡಿದ್ದು ನೆನಪಾಗಿ ಪಕ್ಕದಲ್ಲಿ ಹೋಗಿ ಕುಳಿತೆ. ತಪ್ಪಾಯಿತು ಅತ್ತೆ ಎಂದೆ. “ಇರ್ಲಿ ಬಿಡು, ನಂಗೊಂದು ಮಿಲ್ಲು ಬಂತಲ್ಲ” ಎಂದರು.

18 ನವೆಂಬರ್, ಬುಧವಾರ

ಮಧ್ಯಾಹ್ನ ಬಸ್ಸಿಲ್ಲದ ಹೊತ್ತಿನಲ್ಲಿ ಓಂಕಾರಪ್ಪನವರು ಒಬ್ಬರೇ ಬಂದರು. ಕೌಂಟರಿನ ಮುಂದೆ ನಿಂತು, ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

“ತಪ್ಪಾಯ್ತಮ್ಮ. ಸಂಘದ ಬೋರ್ಡಲ್ಲೂ ಬರೆದು ಹಾಕ್ಸಿದೀನಿ. ನಿನ್ನ ಕಾಫಿ ಶುದ್ಧ ಅಂತ.”

“ನಾನೂ ಆವತ್ತು ಹಂಗೆ ಮಾತಾಡಬಾರದಿತ್ತು. ಕೂತ್ಕೊಳ್ಳಿ ಸಾಹುಕಾರ್ರೆ.”

ಹಾಲು ಸಕ್ಕರೆ ಕಡಿಮೆ ಮಾಡಿ, ಹದವಾಗಿ ಡಿಕಾಕ್ಷನ್ ಇಳಿಸಿ ಒಂದು ಲೋಟ ಕೊಟ್ಟೆ. ಚೀಲ ತಂದು ಮೆಲ್ಲಗೆ ಅವರ ತೊಡೆಯ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಚೀಟಿ ಓದಿದರು. ಲೋಟ ನೋಡಿದರು. ನನ್ನ ಮುಖ ನೋಡಿದರು.

“ಇದು... ನಮ್ದಾ?”

“ನಿಮ್ದೇ. ಆವತ್ತು ಕುಡಿದದ್ದೂ ನಿಮ್ದೇ.”

ಬೈಯುತ್ತಾರೇನೋ ಎಂದುಕೊಂಡೆ. ಅವರು ಒಂದೊಂದೇ ಗುಟುಕು ಕುಡಿಯುತ್ತ ಪೂರ್ತಿ ಮುಗಿಸಿದರು. “ನಮ್ಮಪ್ಪ ಗಿಡಕ್ಕೆ ಮಕ್ಕಳ ಹಂಗೆ ಆರೈಕೆ ಮಾಡೋರು” ಎಂದರು. “ಒಂದು ಲೋಟನೂ ಇದರದ್ದು ಕುಡೀಲಿಲ್ಲ. ಒಳ್ಳೇದು ಮಾರೋಕೆ ಅನ್ನೋರು. ಹೋಗೋ ದಿನನೂ ಉದುರು ಕಾಫೀನೇ ಕುಡಿದು ಹೋದ್ರು.” ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಒಲೆಯ ಕಡೆ ತಿರುಗಿ ಸುಮ್ಮನೆ ಹಾಲು ಕದಡುತ್ತ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಅರ್ಧ ಕೇಜಿ ಕೇಳಿದರು. ತೂಗಿ ಪ್ಯಾಕೆಟ್ ಮಡಿಸುವಷ್ಟರಲ್ಲಿ, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದರು.

“ಅಮ್ಮ, ರುಚಿ ಏನೋ ಗೊತ್ತಾಯ್ತು. ಆದ್ರೆ ಅರವತ್ತು ವರ್ಷದ ಅಭ್ಯಾಸ. ಒಂದಿಷ್ಟು ಚಿಕೋರಿ ಹಾಕ್ತೀಯಾ?”

ನಾನು ಅವರ ಮುಖ ನೋಡಿದೆ. ನಗು ತಡೆಯಲಾಗಲಿಲ್ಲ. ಅವರಿಗೂ ಆಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಅತ್ತೆಯ ಡಬ್ಬಿಯಿಂದ ಚಿಕೋರಿ ತೂಗಿ ಬೆರೆಸಿದೆ. ಇದೇನೂ ಪದ್ಧತಿಯಲ್ಲ, ಇವತ್ತಿನ ಮಟ್ಟಿಗೆ ಅಷ್ಟೆ. ಪ್ಯಾಕೆಟ್ಟಿನ ಮೇಲೆ ‘ಕಾಫಿ ಎಪ್ಪತ್ತು ಭಾಗ, ಚಿಕೋರಿ ಮೂವತ್ತು ಭಾಗ’ ಎಂದು ಬರೆದು ಮುಂದಕ್ಕೆ ಚಾಚಿದೆ.

ಅವರು ತೆಗೆದುಕೊಳ್ಳಲಿಲ್ಲ.

“ಬೀಜ ಯಾರದು ಅಂತಲೂ ಬರಿ” ಎಂದರು.

ಬರೆದೆ. ಅದನ್ನು ಎರಡು ಸಲ ಓದಿದರು. ಕೈಚೀಲಕ್ಕೆ ಹಾಕಲಿಲ್ಲ. ಬರೆದ ಬದಿ ಎಲ್ಲರಿಗೂ ಕಾಣುವ ಹಾಗೆ ಪ್ಯಾಕೆಟ್ಟನ್ನು ಎದೆಯ ಹತ್ತಿರ ಹಿಡಿದುಕೊಂಡು ಜೀಪಿನವರೆಗೆ ನಡೆದುಹೋದರು.